ಗ್ವಾಡಿ ಕಡೆಯ ಕಲ್ಲು

ಛಟ್ಟಿ ಅಮಾವಾಸ್ಯೆಯ ಮರುದಿನ ಬೆಳಗ್ಗೆ ನಮ್ಮ ಅವ್ವ ದನದ ಶೆಡ್ಡಿನಲ್ಲಿ ಜಾರಿ ಬಿದ್ದಳು. ತೊಳೆದಿಟ್ಟ ಫರಸಿಕಲ್ಲಿನ ಮೇಲೆ ಇಬ್ಬನಿ ಕೂತಿತ್ತು. ಬೀಳುವಾಗ ಊರಿದ ಎಡಗೈಯ ಮಣಿಕಟ್ಟು ಮುರಿಯಿತು. ಬಾಗಲಕೋಟೆಯ ದವಾಖಾನಿಯಲ್ಲಿ ಬೆರಳ ತುದಿ ಮಾತ್ರ ಕಾಣುವ ಹಾಗೆ ಪ್ಲಾಸ್ಟರ್ ಹಾಕಿದರು. ಒಂದು ತಿಂಗಳು ಬಿಟ್ಟು ಎಳ್ಳಮಾವಾಸ್ಯೆ ಹೊತ್ತಿಗೆ ಬಿಚ್ಚೋಣ, ಅಲ್ಲಿತನಕ ಈ ಕೈಗೆ ಯಾವ ಕೆಲಸವೂ ಬೇಡ ಅಂದರು ಡಾಕ್ಟರು.

ನೋಡಲು ಬಂದವರದೆಲ್ಲ ಒಂದೇ ಮಾತು. "ಪುಣ್ಯಾ ಮಾಡಿದ್ದಿ ಬಿಡವಾ, ಎಡಗೈ ಆತು. ಬಲಗೈ ಆಗಿದ್ರ ಹೆಂಗ ಮಾಡ್ತಿದ್ದಿ?" ಅವ್ವ ಎಲ್ಲರಿಗೂ ಹೂಂ ಅಂದಳು. ನಾನೂ ಅದೇ ಮಾತು ಅಂದೆ, ನನಗೂ ಹೂಂ ಅಂದಳು. ಆ ಮಾತು ಎಷ್ಟು ತಪ್ಪಾಗಿತ್ತು ಅನ್ನುವುದು ತಿಳಿಯಲು ನನಗೆ ಹದಿಮೂರು ದಿನ ಬೇಕಾಯಿತು.

ನಮ್ಮೂರು ಹುನಗುಂದ ತಾಲೂಕು, ಮರೋಳದ ಮಗ್ಗುಲಿಗೆ. ಹೊಲಕ್ಕೆ ನೀರು ಬಂದ ಮೇಲೆ ಒಂದು ಪಟ್ಟಿಯಲ್ಲಿ ಹಸಿರು ಮೇವು ಬೆಳೆದು ನಾನು ಹೈನುಗಾರಿಕೆ ಶುರು ಮಾಡಿದೆ. ನಾನು ಬಿ.ಎಸ್ಸಿ. ಓದಿದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಅಪ್ಪ ನಾಲ್ಕನೆಯ ಇಯತ್ತೆ, ಅವ್ವ ಸಾಲಿಯ ಮುಖ ಕಂಡವಳಲ್ಲ. ಡಿಗ್ರಿ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ, ಬಂದವರಿಗೆ ಕಾಣಲೆಂದೇ. ಅದರಲ್ಲಿ ನನಗೆ ನಾಚಿಕೆ ಇಲ್ಲ. ಪಾಸಾದ ಮೇಲೆ ದನ ಕಟ್ಟಿದ್ದಕ್ಕೂ ನಾಚಿಕೆ ಇಲ್ಲ.

ಶೆಡ್ಡಿನಲ್ಲಿ ನಾಲ್ಕು ಆಕಳು, ಒಂದು ಎಮ್ಮೆ. ಆಕಳು ನನ್ನವು, ಅವಕ್ಕೆ ಮಶೀನು ಹಚ್ಚುತ್ತೇನೆ. ಎಮ್ಮೆ ಅವ್ವನದು. ಇದರ ತಾಯಿಯ ಹಾಲು ಮಾರಿಯೇ ನನ್ನನ್ನು ಬಾಗಲಕೋಟೆಯಲ್ಲಿ ಓದಿಸಿದ್ದು. ಎರಡು ತಿಂಗಳ ಹಿಂದೆ ಇದರ ಕರು ಸತ್ತಿತ್ತು. ಕರು ಇಲ್ಲದ ಎಮ್ಮೆ ಹಾಲು ಇಳಿಸುವುದು ಕಷ್ಟ. ಆದರೆ ಅವ್ವ ಕೂತರೆ ಸಾಕು, ಅದು ಮೆಲುಕು ಹಾಕುತ್ತ ತುಂಬಿದ ಬಕೆಟ್ಟು ಕೊಡುತ್ತಿತ್ತು. ಅವ್ವನನ್ನು ಬಿಟ್ಟು ಬೇರೆಯವರ ಕೈ ಆ ಕೆಚ್ಚಲಿಗೆ ತಾಗಿಯೇ ಇರಲಿಲ್ಲ.

ಅವತ್ತು ಸಂಜೆ ನಾನು ಹಿಂಡಲು ಕೂತೆ. ಎಲ್ಲರೂ ಕೂಡುವ ಹಾಗೆ ಎಮ್ಮೆಯ ಎಡಕ್ಕೆ ಕುಕ್ಕರಗಾಲಿನಲ್ಲಿ ಕೂತು, ಮೊಣಕಾಲ ನಡುವೆ ಬಕೆಟ್ಟು ಹಿಡಿದೆ. ಬೆರಳು ತಾಗಿದ್ದೇ ತಡ, ಬಕೆಟ್ಟು ಗ್ವಾದಲಿಯ ಮೇವಿನಲ್ಲಿ ಹೋಗಿ ಬಿತ್ತು, ನಾನು ಸಗಣಿಯಲ್ಲಿ. ಎಮ್ಮೆ ತಿರುಗಿ ಸಹ ನೋಡಲಿಲ್ಲ.

ನಮ್ಮ ಕಡೆ ಎತ್ತು ಗಂಡಸರವು, ಎಮ್ಮೆ ಹೆಣ್ಣುಮಕ್ಕಳದು. ಎಮ್ಮೆ ಹಿಂಡುವ ಗಂಡಸನ್ನು ಕಂಡರೆ ಊರಿಗೆ ನಗೆ. ಮರುದಿನ ಹಾಲಿನ ಕ್ಯಾನು ಒಯ್ಯುವವನು ಬೈಕು ನಿಲ್ಲಿಸಿ ಕೂಗಿದ: "ಏನ್ಲೇ ಡಿಗ್ರಿ, ಎಮ್ಮಿ ಇಂಟರ್‌ವ್ಯೂನ್ಯಾಗ ಫೇಲ್ ಮಾಡ್ತಂತಲ್ಲ!"

"ಸಪ್ಲಿಮೆಂಟರಿ ಐತಿ, ಕಟ್ಟೇನಿ," ಅಂದೆ ನಾನು.

ಅಪ್ಪ ನಗಲಿಲ್ಲ. ಎಮ್ಮೆಯ ಜಾಗದಲ್ಲಿ ಇನ್ನೊಂದು ಆಕಳು ಕಟ್ಟುವುದು ಅವನ ಮನಸ್ಸಿನಲ್ಲಿ ಮೊದಲಿಂದಲೂ ಇತ್ತು. ಕಲಾದಗಿ ಕಡೆಯ ದನದ ದಲ್ಲಾಳಿಯೊಬ್ಬ ಎಮ್ಮೆಯನ್ನು ಕೇಳಿ ಹೋಗಿದ್ದ. ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಅಂದ: "ನೋಡ್ರಿ, ಎಳ್ಳಮಾಸಿ ತನಕ ನಾ ಏನೂ ಅನ್ನಾಂಗಿಲ್ಲ. ಅಷ್ಟರಾಗ ಬತ್ತಿತಂದ್ರ ಮರುದಿನ ಕೊಟ್ಟಬಿಡ್ತೇನಿ. ಹಾಲಿಲ್ಲದ್ದಕ್ಕ ಹಿಂಡಿ ತಿನ್ನಿಸಿ ಕುಂಡ್ರಸಾಕ ಅದೇನು ನಮ್ಮ ಬೀಗತಿ ಅಲ್ಲ."

ಅವ್ವ ತಾಟಿನಿಂದ ತಲೆ ಎತ್ತಲಿಲ್ಲ. ಬಲಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಳು, ಬಾಯಿಗೆ ಇಡಲಿಲ್ಲ.

"ಬತ್ತಾಂಗಿಲ್ಲ," ಅಂದೆ ನಾನು.

"ಹೆಂಗ?"

"ನಾ ಇದ್ದೇನಲ್ಲ."

ಜಂಬದ ಮಾತು ಅದು, ಒಪ್ಪಿಕೊಳ್ಳುತ್ತೇನೆ. ಆದರೆ ಆಡಿದ ಮೇಲೆ ಹಿಂದೆ ಸರಿಯುವವ ನಾನಲ್ಲ. ಹಾಲು ಹೇಗೆ ಇಳಿಯುತ್ತದೆ, ದನ ಹೆದರಿದರೆ ಯಾಕೆ ಏರಿಸಿಕೊಳ್ಳುತ್ತದೆ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದವನು. ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದ ಒಂದು ಪಾಠ ನೆನಪಿಗೆ ಬಂತು. ಪ್ರಯೋಗ ಕೆಟ್ಟರೆ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡ, ಒಂದು ಸಲಕ್ಕೆ ಒಂದನ್ನೇ ಬದಲಿಸು, ಆಗ ತಪ್ಪು ಎಲ್ಲಿದೆ ಗೊತ್ತಾಗುತ್ತದೆ. ಹಾಗೇ ಮಾಡಿದೆ.

ಮೊದಲು ಬದಲಿಸಿದ್ದು ಕೈ. ಗಂಡಸಿನ ಕೈ ಅದಕ್ಕೆ ಒಗ್ಗದೇ ಇರಬಹುದು ಅಂತ ನೆರಮನೆಯ ಕಾಕುವನ್ನು ಕರೆದೆ. ಓಣಿಯಲ್ಲಿ ಆಕೆಯಷ್ಟು ಹಗುರಾಗಿ ಹಿಂಡುವವರಿಲ್ಲ. ಎರಡು ದಿನ ಕೂತಳು. ಬಂದದ್ದು ಚಹಾಕ್ಕೆ ಸಾಲುವಷ್ಟು. "ಈ ರಂಡೆ ಎಮ್ಮಿ ನಿಮ್ಮವ್ವನ್ನ ಮದುವಿ ಆಗೇತಿ," ಅಂತ ಬೈದು ಎದ್ದು ಹೋದಳು.

ಆಮೇಲೆ ಸೀರೆ. ಅವ್ವನ ಸೀರೆ ಉಟ್ಟು ಕೂಡು, ಅದಕ್ಕೆ ವಾಸನೆ ತಿಳಿಯುತ್ತದೆ ಅಂತ ಇಡೀ ಓಣಿ ಹೇಳಿತು. ಉಟ್ಟೆ. ಅವ್ವ ಶೆಡ್ಡಿಗೆಂದೇ ಇಟ್ಟುಕೊಂಡಿದ್ದ ಹಳೆಯ ಇಳಕಲ್ ಸೀರೆ, ಕೆಂಪು ಸೆರಗು ತಲೆಯ ಮೇಲೆ. ಎಮ್ಮೆ ಮೂಸಿತು, ಕಿವಿ ಇಳಿಬಿಟ್ಟಿತು, ಶಾಂತವಾಯಿತು. ಗೆದ್ದೆ ಅಂದುಕೊಂಡು ಎಡಕ್ಕೆ ಕೂತು ಕೈ ಹಾಕಿದೆ. ಒದೆಯಲಿಲ್ಲ, ಆದರೆ ಹಾಲೂ ಇಳಿಸಲಿಲ್ಲ. ಹೊರಗಿನಿಂದ ಬೈಕಿನವನ ದನಿ: "ಅಕ್ಕಾರ, ಹಾಲು ಐತೇನ್ರಿ?" ಕಾಕು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಸೆರಗು ಬಿಗಿದು ಕ್ಯಾನು ಎತ್ತಿ ಅವನ ಕೈಗೆ ಕೊಟ್ಟು, "ಇವತ್ತು ಆಕಳದ್ದಷ್ಟ ಐತ್ರಿ ಅಣ್ಣಾರ," ಅಂದೆ. ನಗುವವರೆದುರು ಓಡಿದರೆ ಮರುದಿನ ಇನ್ನೂ ಇಬ್ಬರು ಬರುತ್ತಾರೆ, ಅದು ಹಾಸ್ಟೆಲಿನಲ್ಲಿ ಕಲಿತ ವಿದ್ಯೆ.

ನಂತರ ಹಿಂಡಿ ಬದಲಿಸಿದೆ, ಹೊತ್ತು ಬದಲಿಸಿದೆ, ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ಒರೆಸಿದೆ. ಹಾಲು ದಿನದಿನಕ್ಕೆ ಇಳಿಯಿತು. ಹತ್ತನೆಯ ದಿನ ಹಿಂದಿನ ಒಂದು ಮೊಲೆ ಬಿಸಿಯಾಗಿ ಬಾತಿತು.

ದನದ ಡಾಕ್ಟರು ಬಂದು ಔಷಧ ಕೊಟ್ಟರು. ಹಾಲು ಇಳಿಸುವ ಇಂಜೆಕ್ಷನ್ ಕದ್ದು ಸಿಗುತ್ತದೆ, ತರಲೇ ಅಂತ ಅಪ್ಪ ಕೇಳಿದ. ನಾನು ಬೇಡ ಅಂದೆ. ಡಾಕ್ಟರೂ ಬೇಡ ಅಂದರು. ಕೈ ತೊಳೆಯುತ್ತ ನನ್ನನ್ನು ಕೇಳಿದರು:

"ನಿಮ್ಮವ್ವಾರು ಹೆಂಗ ಹಿಂಡತಿದ್ರು? ಹಂಗ ಹಿಂಡ್ರಿ."

"ಎಲ್ಲಾರೂ ಹಿಂಡಿದಂಗ ಹಿಂಡತಿದ್ರು."

"ನೀವು ನೋಡೀರೇನು?"

ನೋಡಿದ್ದೇನೆ ಅನ್ನಲು ಬಾಯಿ ತೆರೆದೆ. ನೋಡಿರಲಿಲ್ಲ. ಎಮ್ಮೆಯ ಮೂಲೆಗೆ ಅವ್ವ ಒಂದು ಗೋಣಿತಟ್ಟಿನ ಪರದೆ ಕಟ್ಟಿದ್ದಳು. ಹಿಂಡುವಾಗ ಯಾರೂ ಬರಬಾರದು, ದೃಷ್ಟಿಯಾಗುತ್ತದೆ ಅನ್ನುತ್ತಿದ್ದಳು. ಓಣಿಯಲ್ಲಿ ಎಲ್ಲರದಕ್ಕಿಂತ ಹೆಚ್ಚು ಹಾಲು ಕೊಡುವ ಎಮ್ಮೆ, ದೃಷ್ಟಿಯಾದೀತು ಅಂತ ನಾವೆಲ್ಲ ನಂಬಿದ್ದೆವು. ಅದೇ ಶೆಡ್ಡಿನಲ್ಲಿ ದಿನಕ್ಕೆ ಎರಡು ಹೊತ್ತು ಕೆಲಸ ಮಾಡುವ ನಾನು ಆ ಪರದೆಯ ಹಿಂದೆ ಒಮ್ಮೆಯೂ ಇಣುಕಿರಲಿಲ್ಲ.

ಅವ್ವನನ್ನು ಕೇಳಿದೆ. "ಎಲ್ಲಾರೂ ಹಿಂಡಿದಂಗ," ಅಂದಳು, ನಾನು ಡಾಕ್ಟರಿಗೆ ಹೇಳಿದ ಮಾತನ್ನೇ. ಎರಡು ಸಲ ಕೇಳಿದರೂ ಅಷ್ಟೇ.

ಹದಿಮೂರನೆಯ ದಿನ ಮೂಲೆಯನ್ನು ಪೂರಾ ತೊಳೆಯಲು ಎಮ್ಮೆಯನ್ನು ಬಿಚ್ಚಿ ಹೊರಗೆ ಕಟ್ಟಿದೆ. ಆಗ ಕಂಡಿತು. ಎಮ್ಮೆಯ ಬಲಕ್ಕೆ, ಅದಕ್ಕೂ ಗ್ವಾಡಿಗೂ, ಅಂದರೆ ಶೆಡ್ಡಿನ ಗೋಡೆಗೂ, ನಡುವೆ ಒಬ್ಬರು ನುಸುಳುವಷ್ಟು ಸಂದು. ಅಲ್ಲಿ ಒಂದು ಚಪ್ಪಟೆ ಕಲ್ಲು. ಎಮ್ಮೆ ಗ್ವಾಡಿಗೆ ತಿಕ್ಕದಿರಲಿ ಅಂತ ಇಟ್ಟಿದ್ದಾರೆ ಅಂದುಕೊಂಡಿದ್ದೆ ಇಷ್ಟು ವರ್ಷ. ಕಲ್ಲು ಕೂತು ಕೂತು ನುಣ್ಣಗಾಗಿತ್ತು. ಅದರ ಹಿಂದಿನ ಗ್ವಾಡಿಯ ಮಣ್ಣು ಬೆನ್ನಿನ ಎತ್ತರಕ್ಕೆ ಸವೆದು ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿತ್ತು. ನಾನು ಆ ಕಲ್ಲಿನ ಮೇಲೆ ಕೂತು ನೋಡಿದೆ. ಇಲ್ಲಿ ಕೂತರೆ ಬಲಗೈ ಎಮ್ಮೆಯ ಹೊಟ್ಟೆಯ ಕಡೆ ಉಳಿಯುತ್ತದೆ. ಸರಾಗವಾಗಿ ಕೆಚ್ಚಲಿಗೆ ಹೋಗುವುದು ಎಡಗೈ.

ಒಳಗೆ ಹೋದೆ. ಅವ್ವ ಒಲೆಯ ಮುಂದೆ ಒಂಟಿ ಕೈಯಿಂದ ಬದನೆಕಾಯಿ ಹೆಚ್ಚಲು ಒದ್ದಾಡುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, ಹೊರಗೆ ಬಿಸಿಲಿಗೆ ಕೂತಿದ್ದಳು. ನಾನು ದನಿ ತಗ್ಗಿಸಿ ಕೇಳಿದೆ:

"ಅವ್ವಾ, ನೀ ಎಡಚಿ ಏನು?"

ಈಳಿಗೆಯ ಮೇಲಿನ ಕೈ ನಿಂತಿತು. ಆಕೆ ಮೊದಲು ನೋಡಿದ್ದು ನನ್ನನ್ನಲ್ಲ, ಆಯಿ ಕೂತ ಬಾಗಿಲನ್ನು.

"ಮೆಲ್ಲಕ," ಅಂದಳು.

ಆಮೇಲೆ ಹೇಳಿದಳು. ಹುಟ್ಟಿದಾಗಿಂದ ಎಡಗೈಯೇ. ಮದುವೆಯಾಗಿ ಬಂದ ವಾರಕ್ಕೆ ಎಡಗೈಯಿಂದ ಸಾರು ಬಡಿಸಿದ್ದಕ್ಕೆ ಆಯಿ ಬೆರಳ ಮೇಲೆ ಸೌಟಿನಿಂದ ಹೊಡೆದಿದ್ದಳು. ಆಯಿಗೆ ದಿನಾ ಲಿಂಗಪೂಜೆ, ಪೂಜೆಗೆ ಎಮ್ಮೆಯ ಮೊದಲ ತಂಬಿಗೆ ಹಾಲು. ಎಡಗೈಯ ಹಾಲು ದೇವರಿಗೆ ನಡೆಯದು. ಅವ್ವ ಬಡಿಸಲು, ರೊಟ್ಟಿ ಬಡಿಯಲು, ಕಸ ಹೊಡೆಯಲು ಎಲ್ಲಕ್ಕೂ ಬಲಗೈ ರೂಢಿ ಮಾಡಿಕೊಂಡಳು. ಹಿಂಡುವುದೊಂದು ಬರಲಿಲ್ಲ. ಬಲಗೈ ಮುಂದಾದರೆ ಎಮ್ಮೆ ಒದೆಯುತ್ತಿತ್ತು. ಅದಕ್ಕೇ ಗ್ವಾಡಿ ಕಡೆಯ ಕಲ್ಲು, ಅದಕ್ಕೇ ಪರದೆ. ಈ ಎಮ್ಮೆ, ಇದರ ತಾಯಿ, ಅದರ ತಾಯಿ, ಮೂರೂ ಆ ಕೈಯನ್ನೇ ಕಂಡವು. ಇಪ್ಪತ್ತೆಂಟು ವರ್ಷ.

"ಮೊದಲ ಯಾಕ ಹೇಳಲಿಲ್ಲ? ಎಮ್ಮಿ ಹೋಗ್ತೈತಿ ಅಂದ್ರೂ ಸುಮ್ಮನಿದ್ದೆಲ್ಲ!"

"ಎಮ್ಮಿ ನಿನಗ ರೂಢಿ ಆದೀತು ಅಂದ್ಕೊಂಡ್ನಿ," ಅಂದಳು. ಮತ್ತೆ ಬಾಗಿಲ ಕಡೆ ನೋಡಿ, "ಇಷ್ಟ ವರ್ಷದ ಪೂಜಾ ಹೊಲಸಾತು ಅಂದ್ರ ನಿಮ್ಮಾಯಿ? ಆ ಮುದುಕಿ ತಡಕೊಳ್ಳಾಂಗಿಲ್ಲೋ."

ಆಯಿಗೆ ಹೆದರಿದಷ್ಟೇ ಆಯಿಯ ಸಲುವಾಗಿಯೂ ಹೆದರಿದ್ದಳು ನಮ್ಮವ್ವ. ನನಗೆ ಅವತ್ತು ಸಿಟ್ಟು ಬಂತು, ಯಾರ ಮೇಲೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಬಹುಶಃ ನನ್ನ ಮೇಲೆಯೇ. ಎಮ್ಮೆಯ ಶರೀರದ ಒಳಗಿನದೆಲ್ಲ ಓದಿ ಪಾಸಾಗಿದ್ದೆ, ನನಗೆ ಅನ್ನ ಬಡಿಸುವ ಕೈ ಯಾವುದು ಅಂತ ನೋಡಿರಲಿಲ್ಲ.

"ನನಗ ಎಡಗೈ ಕಲಿಸು," ಅಂದೆ.

ಉಳಿದದ್ದು ಹದಿನೇಳು ದಿನ. ನನ್ನ ಎಡಗೈ ಅಲ್ಲಿಯವರೆಗೆ ಗಡಿಯಾರ ಕಟ್ಟಲು ಇದ್ದ ಕೈ. ಮೊದಲ ದಿನ ಮುದಿ ಆಕಳೊಂದರ ಮೇಲೆ ಕಲಿಯಲು ಕೂತೆ. ಅದು ಬಡಪಾಯಿ, ಸಹಿಸಿಕೊಂಡಿತು. ಹತ್ತು ಎಳೆತಕ್ಕೆ ಹೆಬ್ಬೆರಳ ಬುಡ ಉರಿಯುತ್ತಿತ್ತು. ಸೈಕಲ್ ಟ್ಯೂಬಿನ ತುಂಡು ಕಿಸೆಯಲ್ಲಿ ಇಟ್ಟುಕೊಂಡು ಹೊಲಕ್ಕೆ ಹೋಗುವಾಗ, ಮೇವು ಕೊಯ್ದು ಬರುವಾಗ ಹಿಸುಕುತ್ತಿದ್ದೆ. ಅವ್ವ ಜೋಳದ ಹಿಟ್ಟಿನ ಮುದ್ದೆ ಎಡಗೈಗೆ ಕೊಟ್ಟು ನಾದಲು ಹೇಳಿದಳು. ಒಂದು ಮಧ್ಯಾಹ್ನ ಮರೆತು ಎಡಗೈಯಿಂದ ರೊಟ್ಟಿ ಮುರಿದೆ. ಅವ್ವ ಕಾಲಿನಿಂದ ನನ್ನ ಕಾಲು ತಿವಿದಳು. ಆಯಿ ಕಡೆ ನೋಡಿದೆ. ಆಕೆ ಪುಂಡಿಪಲ್ಯದಲ್ಲಿ ಮುಳುಗಿದ್ದಳು.

ಮೂರನೆಯ ಬೆಳಗ್ಗೆ ಗ್ವಾಡಿ ಕಡೆಯ ಕಲ್ಲಿನ ಮೇಲೆ ಕೂತೆ. ಕಡಲೆ ಹೊಲಗಳ ಮೇಲಿನಿಂದ ಕೊರೆಯುವ ಗಾಳಿ ಬರುತ್ತಿತ್ತು. ಕಲ್ಲು ಮಂಜುಗಡ್ಡೆಯ ಹಾಗಿತ್ತು. ಪರದೆಯ ಒಳಗೆ ಅವ್ವ ಗ್ವಾದಲಿಯ ಅಂಚಿಗೆ ಕೂತು ಪ್ಲಾಸ್ಟರಿನ ಕೈಯನ್ನು ಎಮ್ಮೆಯ ಕುತ್ತಿಗೆಗೆ ಆನಿಸಿದಳು.

"ಹಣಿ ಅದರ ಹೊಟ್ಟಿಗೆ ಹಚ್ಚು. ಹಾಂ. ಹಿಂದಿನ ಮೊಲಿ ಮೊದಲು. ಎಡಗೈ ಮುಂದ, ಬಲಗೈ ಅದರ ಹಿಂದ. ಜೋಡೆತ್ತು ನಡದಂಗ, ಒಂದು ಇಟ್ಟ ಮ್ಯಾಲ ಇನ್ನೊಂದು. ಅವಸರ ಮಾಡಬ್ಯಾಡ, ಅದಕ್ಕೇನು ಬಸ್ಸ ಹಿಡೀಬೇಕಾಗೇತೇನು?"

ಮೊದಲು ಏನೂ ಇಲ್ಲ. ಎಮ್ಮೆ ಒಮ್ಮೆ ಕಾಲು ಎತ್ತಿತು, ಇಳಿಸಿತು. ಆಮೇಲೆ ನನ್ನ ಹಣೆಯ ಕೆಳಗೆ ಅದರ ಹೊಟ್ಟೆ ಸಡಿಲಾದದ್ದು ಗೊತ್ತಾಯಿತು. ಕೆಚ್ಚಲು ಬಿಗಿಯಿತು. ಬಕೆಟ್ಟಿನ ತಳಕ್ಕೆ ಧಾರೆ ಬಿದ್ದು ಚೊರ್ರ್ ಅಂತ ಸದ್ದಾಯಿತು. ಪದವಿ ಸಮಾರಂಭದಲ್ಲಿ ನನ್ನ ಹೆಸರು ಕರೆದಾಗಲೂ ನನಗೆ ಹಾಗೆ ಆಗಿರಲಿಲ್ಲ.

"ಬಂತು," ಅಂದಳು ಅವ್ವ, ಬಹಳ ಮೆಲ್ಲಗೆ.

ದಿನದಿಂದ ದಿನಕ್ಕೆ ಬಕೆಟ್ಟಿನ ಗೆರೆ ಏರಿತು. ಬಾತ ಮೊಲೆ ಇಳಿಯಿತು. ಅಪ್ಪನಿಗೆ ಹಾಲು ಕಂಡಿತು, ಕಾರಣ ಕೇಳಲಿಲ್ಲ. ದಲ್ಲಾಳಿಗೆ ಬರಬೇಡ ಅಂತಲೂ ಹೇಳಲಿಲ್ಲ.

ಎಳ್ಳಮಾವಾಸ್ಯೆಗೆ ಐದು ದಿನ ಇರುವಾಗ ಆಯಿ ಪರದೆ ಸರಿಸಿದಳು. ಪೂಜೆಯ ತಂಬಿಗೆ ಯಾವಾಗಲೂ ಅವ್ವನೇ ತಂದು ಕೊಡುತ್ತಿದ್ದಳು. ಅವತ್ತು ಆಕೆಗೆ ಜ್ವರ, ಮಲಗಿದ್ದಳು. ಆಯಿ ತಾನೇ ಕೋಲು ಊರುತ್ತ ಬಂದಿದ್ದಳು. ಹಣೆಗೆ ಶಿವಯೋಗ ಮಂದಿರದ ವಿಭೂತಿ, ಕೈಯಲ್ಲಿ ತಂಬಿಗೆ. ಗ್ವಾಡಿಗೆ ಬೆನ್ನು ಕೊಟ್ಟು ಎಡಗೈ ಮುಂದೆ ಮಾಡಿ ಹಿಂಡುತ್ತಿದ್ದ ನನ್ನನ್ನು ನೋಡುತ್ತ ನಿಂತಳು.

"ಇದೇನೋ ಇದು? ಎಡಗೈಲೆ? ದೇವರ ಹಾಲು?"

ನಾನು ಹಿಂಡುವುದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಮ್ಮೆ ಏರಿಸಿಕೊಳ್ಳುತ್ತಿತ್ತು. "ಈ ಎಮ್ಮಿ ಹಿಂಗ ಹಿಂಡಿದ್ರ ಅಷ್ಟ ಕೊಡ್ತೈತಿ, ಆಯಿ."

"ಯಾರು ಕಲಿಸಿದ್ರು ನಿನಗ ಈ ದರಿದ್ರ? ಕಾಲೇಜಿನ್ಯಾಗೇನು?"

ಕಾಲೇಜಿನಲ್ಲಿ ಅಂದುಬಿಡಬಹುದಿತ್ತು. ಆಯಿ ನಂಬುತ್ತಿದ್ದಳು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು.

"ನಾ ಕಲಿಸೇನ್ರಿ, ಅತ್ತಿ."

ಕೌದಿ ಹೊದ್ದು ನಿಂತಿದ್ದಳು. ಕಣ್ಣು ಜ್ವರದಿಂದ ಕೆಂಪಾಗಿದ್ದವು. "ಇಪ್ಪತ್ತೆಂಟು ವರ್ಷ ಆತ್ರಿ, ಈ ಕೈಲೆ ಹಿಂಡೇನಿ. ನೀವೂ ಕುಡದೀರಿ, ದೇವರೂ ಕುಡದಾನ. ಇಬ್ಬರೂ ಒಂದಿನ ಬ್ಯಾಡ ಅಂದಿಲ್ಲ."

ಆಯಿ ಖಾಲಿ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೋಲು ಊರುತ್ತ ತಿರುಗಿ ಹೋದಳು. ಅವ್ವ ಅಲ್ಲೇ ಗ್ವಾದಲಿ ಹಿಡಿದು ಕೂತಳು. ನಾನು ಹಿಂಡಿ ಮುಗಿಸಿದೆ.

ಅವತ್ತು ಆಯಿ ಪೂಜೆಗೂ ತನ್ನ ಚಹಾಕ್ಕೂ ಆಕಳ ಹಾಲು ತರಿಸಿದಳು. "ಮಶೀನಿಗೆ ಎಡಾ ಬಲಾ ಇಲ್ಲ ಅಲ್ಲ?" ಅಂತ ನನ್ನನ್ನು ಕೇಳಿದಳು. ಇಲ್ಲ ಅಂದೆ. ನಾಲ್ಕು ದಿನ ಹಾಗೇ ನಡೆಯಿತು. ಅವ್ವನ ಜೊತೆ ಮಾತಿಲ್ಲ. ಆದರೆ ಎಮ್ಮೆ ಹಾಲಿನ ಚಹಾ ಕುಡಿದೇ ರೂಢಿಯಾದ ಬಾಯಿ ಅದು. ಮೂರನೆಯ ದಿನ ಚಹಾದ ಕಪ್ಪು ಕೆಳಗಿಟ್ಟು, "ಈ ಆಕಳ ಹಾಲಾಗ ಏನೂ ಹುರುಪಿಲ್ಲ," ಅಂತ ಗೊಣಗಿದಳು, ಯಾರಿಗೂ ಅಲ್ಲ ಎನ್ನುವ ಹಾಗೆ.

ಅಮಾವಾಸ್ಯೆಯ ಹಿಂದಿನ ದಿನ ದವಾಖಾನಿಯಲ್ಲಿ ಅವ್ವನ ಪ್ಲಾಸ್ಟರ್ ಬಿಚ್ಚಿದರು. ಕೈ ಸೊರಗಿ ಬಿಳಚಿಕೊಂಡಿತ್ತು, ಮುಷ್ಟಿ ಪೂರ್ತಿ ಕಟ್ಟುತ್ತಿರಲಿಲ್ಲ. ನಾವು ಬಸ್ಸಿಳಿದು ಬರುವಷ್ಟರಲ್ಲಿ ದಲ್ಲಾಳಿ ಎರಡು ದಿನ ಮೊದಲೇ ಬಂದು ಶೆಡ್ಡಿನ ಮುಂದೆ ಅಪ್ಪನ ಜೊತೆ ಕೂತಿದ್ದ. ಹಿಂಡುವ ಹೊತ್ತಾಗಿತ್ತು.

"ಹಿಂಡ್ರಿ ನೋಡೂಣು," ಅಂದ ಅವನು. "ಬತ್ತಿದ್ದರ ಒಂದು ಮಾತು, ಇದ್ದರ ಒಂದು ಮಾತು."

ನಾನು ಬಕೆಟ್ಟು ತೆಗೆದುಕೊಂಡು ಗ್ವಾಡಿ ಕಡೆ ಹೋದೆ. ಅವ್ವ ಬಂದು ಗೋಣಿತಟ್ಟಿನ ಪರದೆಯ ಗಂಟು ಬಿಚ್ಚಿದಳು. ಮಡಚಿ ಎಮ್ಮೆಯ ಬೆನ್ನಿಗೆ ಹಾಕಿದಳು, ಚಳಿ ಇತ್ತಲ್ಲ. ಅಪ್ಪ, ದಲ್ಲಾಳಿ, ಕಾಕು, ಕ್ಯಾನಿನವನು ಎಲ್ಲರೂ ನೋಡುತ್ತಿದ್ದರು. ಕ್ಯಾನಿನವನು ಅವತ್ತು ನಗದೆ ಬೈಕು ಬಂದ್ ಮಾಡಿ ನಿಂತ. ಬಕೆಟ್ಟು ತುಂಬಲಿಲ್ಲ, ಅವ್ವನ ಕಾಲದ ಗೆರೆಗೆ ನಾಲ್ಕು ಬೆರಳು ಕಡಿಮೆ ಇತ್ತು. ಆದರೆ ಬತ್ತಿದ ಎಮ್ಮೆಯ ಬಕೆಟ್ಟು ಅದಲ್ಲ.

ಅಪ್ಪ ಬಕೆಟ್ಟಿನಲ್ಲಿ ಇಣುಕಿ ನೋಡಿ ಎದ್ದು ಧೋತರ ಜಾಡಿಸಿಕೊಂಡ. "ಮಾಮಾರ, ಚಹಾ ಕುಡದು ಹೋಗ್ರಿ. ಎಮ್ಮಿ ಕೊಡಾಂಗಿಲ್ಲ."

ಮರುದಿನ ಎಳ್ಳಮಾವಾಸ್ಯೆ. ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಹಾಕಲು, ಒಯ್ಯುವ ಬುಟ್ಟಿಗೆ ಎಮ್ಮೆಯ ಮೊಸರನ್ನವೇ ಆಗಬೇಕು, ಅದು ಆಯಿಯದೇ ಕಟ್ಟಳೆ. ಬೆಳಗ್ಗೆ ಅವ್ವ ತಾನೇ ಕಲ್ಲಿನ ಮೇಲೆ ಕೂತಳು, ನಾನು ಅವಳ ಮಗ್ಗುಲಿಗೆ ಕುಕ್ಕರಿಸಿದೆ. ನನ್ನ ಕೈ ಮೇಲೆ, ಅವಳ ಕೈ ಕೆಳಗೆ, ಶಕ್ತಿ ನನ್ನದು, ತಾಳ ಅವಳದು. ಕೋಲಿನ ಸದ್ದು ಕೇಳಿತು. ಆಯಿ ತಂಬಿಗೆ ಹಿಡಿದು ಬಂದಳು. ತಂಬಿಗೆಯನ್ನು ಫರಸಿಯ ಮೇಲೆ ಇಟ್ಟು ನಿಂತಳು. ಅವ್ವ ಅದಕ್ಕೆ ಹಾಲು ತುಂಬಿ, ಹಳೆಯ ರೂಢಿಯಂತೆ ಎಡಗೈಯಿಂದ ಬಲಗೈಗೆ ಬದಲಿಸಿ ಚಾಚಿದಳು.

ಆಯಿಯ ಬಲಗೈಯಲ್ಲಿ ಕೋಲು ಇತ್ತು. ಎಡಗೈ ಮುಂದೆ ಮಾಡಿದಳು.

"ಕೊಡು ಲಗೂನ," ಅಂದಳು. "ಚಳಿ ಹತ್ತೇತಿ."